ಆರಿಸಿದ ಕಾಳು

ಬೈರಪ್ಪ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿದ. ಗುರುತು ಮೂಡಲಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದ. ಸರ್ಜಾಪುರದ ನೋಂದಣಿ ಕಚೇರಿಯಲ್ಲಿ ಅಂದು ಜನವೋ ಜನ.

"ಮನೇಲಿ ಗೊತ್ತು ತಾನೇ ಯಜಮಾನ್ರೇ?" ಹೊಲ ಕೊಳ್ಳುತ್ತಿದ್ದ ಪಂಚಾಕ್ಷರಿ ಮೆಲ್ಲಗೆ ಕೇಳಿದ.

"ನಾನು ದುಡಿದು ತಗೊಂಡಿದ್ದು. ಯಾರ್ನ ಕೇಳ್ಬೇಕು?"

"ಅಲ್ಲ, ಅಲ್ಲೊಂದು ಸಮಾಧಿ ಇದೆ..."

"ನಮ್ ಭದ್ರಮ್ಮಂದು. ನೀವು ಕೆಲ್ಸ ಶುರು ಮಾಡ್ಕಳಿ."

ಹೆಂಡತಿಯನ್ನು ಮಣ್ಣು ಮಾಡಿದ ಹೊಲ. ಅಳು ಬರಬೇಕಿತ್ತು, ಬರಲಿಲ್ಲ. ಬೈರಪ್ಪನಿಗೆ ಅದೂ ಬೇಸರವೆನಿಸಲಿಲ್ಲ.

ಎಲ್ಲ ಶುರುವಾದದ್ದು ಕುಂದಲಹಳ್ಳಿಯ ಜಮೀನು ಮಾರಿದ ದುಡ್ಡಿನಿಂದ. ಬಾಡಿಗೆ ಮನೆಗಳನ್ನು ಕಟ್ಟಿಸಿದ ಮೇಲೂ ಐವತ್ತು ಲಕ್ಷ ಮಿಕ್ಕಿತ್ತು. ಅಪ್ಪ ಮಗಳ ಜಂಟಿ ಖಾತೆಯಲ್ಲಿಟ್ಟು, ಅದು ಯಮುನಾಳ ಸ್ವಂತ ಮನೆಗೆ ಎಂದು ಬೈರಪ್ಪನೇ ಮಾತು ಕೊಟ್ಟಿದ್ದ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಮಗಳು ಇಂಡೆಕ್ಸ್ ಫಂಡ್ ಎಂದಳು. ದೊಡ್ಡ ಕಂಪನಿಗಳನ್ನೆಲ್ಲ ಸ್ವಲ್ಪ ಸ್ವಲ್ಪ ಒಟ್ಟಿಗೆ ಕೊಂಡು ಸುಮ್ಮನಿದ್ದುಬಿಡುವುದು.

"ಎಲ್ಲಾನೂ ಬಾಚ್ಕೊಳ್ಳಾದಾ? ಬಿತ್ತನೆ ರಾಗೀನೇ ತೆನೆ ತೆನೆ ನೋಡಿ ಆರಿಸ್ತಿದ್ದೆ ಕಣವ್ವ. ಇಂಗೆ ಸುಮ್ಕೆ ಬಿದ್ದಿರೋ ದುಡ್ಡು ಬೆಳೀತದಾ?"

"ನಾವು ಆರಿಸಿದ್ರೆ ಮುಳುಗೋದೇ ಜಾಸ್ತಿ ಅಪ್ಪ. ದೊಡ್ಡ ದೊಡ್ಡೋರೇ ಸೋತಿದಾರೆ."

"ನಾನು ಸೋತಿದ್ದು ಯಾವತ್ತು ನೋಡಿದೀಯ?"

ವಾರವಿಡೀ ಮನೆಯಲ್ಲಿ ಮುಖ ದಪ್ಪ. ಮುದುಕ ಎರಡು ದಿನ ಊಟ ಬಿಟ್ಟ. ಕೊನೆಗೆ ಯಮುನಾ ಸೋತು, ಅವನ ಫೋನಿನಲ್ಲಿ ಷೇರಿನ ಆ್ಯಪ್ ಹಾಕಿಕೊಟ್ಟಳು. ಪರದೆಯ ಮೇಲೆ ಐವತ್ತು ಲಕ್ಷ.

"ತಗೋ, ಆರಿಸ್ಕೋ. ಏನೇ ಆದ್ರೂ ದುಡ್ಡು ಮಾತ್ರ ಹೊರಗೆ ತೆಗೀಬೇಡ. ಅದು ನನಗೆ ಬಿಡು."

ಬೈರಪ್ಪ ಹುರುಪಿನಿಂದ ಆರಿಸಿದ. ಪೀಣ್ಯದಲ್ಲಿ ಬೋರ್ಡು ಕಂಡ ಯಂತ್ರದ ಕಂಪನಿ, ಬೀದಿ ಬೀದಿಯಲ್ಲಿ ಮೂಟೆ ಬಿದ್ದಿರುವ ಸಿಮೆಂಟು, ಬಾಡಿಗೆಯ ಹುಡುಗರು ಪಿಸುಗುಟ್ಟಿದ ಹೆಸರುಗಳು. ಬಿದ್ದದ್ದನ್ನು ಮಾರಿ ಇನ್ನೊಂದು ಕೊಂಡ. ಅದೂ ಬಿತ್ತು. ಬ್ಯಾಂಕಿನಿಂದ ಒಂದು ಮೆಸೇಜೂ ಬರುತ್ತಿರಲಿಲ್ಲ. ಸದ್ಯ, ಎಷ್ಟು ಹೋಯಿತೆಂದು ಮಗಳಿಗೆ ಗೊತ್ತಾಗುವುದಿಲ್ಲ ಎಂದು ಸಮಾಧಾನಪಟ್ಟುಕೊಂಡ.

"ಇವತ್ತೆಷ್ಟು ಹೋಯ್ತಪ್ಪ?" ಸಂಜೆ ಯಮುನಾ ನಗುತ್ತಾ ಕೇಳುವಳು.

"ವಸಿ."

"ಹೋಗ್ಲಿ ಬಿಡು. ಕಲ್ತ ಹಾಗಾಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ನಗು ಅವನ ಕರುಳಿಗೆ ಕೈ ಹಾಕುತ್ತಿತ್ತು.

ಫೋನಿನಲ್ಲಿ ನಾಲ್ಕು ಲಕ್ಷ ಉಳಿದಿದ್ದಾಗ ಅವಳು ಸಿಹಿ ಸುದ್ದಿ ತಂದಳು. "ಮನೆ ನೋಡಿದೀನಿ ಅಪ್ಪ. ಮುಂದಿನ ತಿಂಗ್ಳು ದುಡ್ಡು ತೆಗೀತೀನಿ."

ಬೈರಪ್ಪನ ಮೈ ಮರಗಟ್ಟಿತು. ಅಂದಿನಿಂದ ಹಾಗೆಯೇ ಇತ್ತು. ಮಾರನೆಯ ದಿನ ಪಂಚಾಕ್ಷರಿಯನ್ನು ಹುಡುಕಿಕೊಂಡು ಹೋದ.

ನೋಂದಣಿ ಮುಗಿಸಿ ಹೊಲದ ಕಡೆ ಹೋದಾಗ ಜೆಸಿಬಿ ಆಗಲೇ ಬಂದಿತ್ತು. ಸಮಾಧಿಗೆ ನೆರಳಾಗಿದ್ದ ಹೊಂಗೆ ಮರ ಮಗ್ಗುಲಾಗಿ ಬಿದ್ದಿತ್ತು. ಸಮಾಧಿಯ ಕಲ್ಲು ಮಣ್ಣಿನ ಗುಡ್ಡೆಯಲ್ಲಿತ್ತು. ಬೆಳಿಗ್ಗೆ ಸಂಪಿನ ಮೋಟಾರು ಆಫ್ ಮಾಡಿದೆನೋ ಇಲ್ಲವೋ ಎಂದು ಅವನು ಯೋಚಿಸುತ್ತಾ ನಿಂತ.

ಮನೆಯಲ್ಲಿ ಚೆಕ್ಕನ್ನು ಮಗಳ ಮುಂದಿಟ್ಟ.

"ಫೋನಲ್ಲಿದ್ದಿದ್ದೆಲ್ಲ ಕಳ್ದುಬಿಟ್ಟೆ ಕಣವ್ವ. ಇಗಾ, ನಿನ್ ಮನೆ ದುಡ್ಡು. ಸರಿಹೋಗ್ತದೆ ನೋಡ್ಕೋ."

ಯಮುನಾ ಚೆಕ್ಕನ್ನು ಮುಟ್ಟಲಿಲ್ಲ. ಅದರ ಮೇಲಿದ್ದ ಪಂಚಾಕ್ಷರಿಯ ಹೆಸರನ್ನೇ ನೋಡಿದಳು.

"ಅಮ್ಮನ ಹೊಲಾನಾ?"

"ಊಂ."

"ಕೆಲ್ಸ ಶುರು ಮಾಡ್ಬಿಟ್ರಾ?"

"ಮರ ಬಿತ್ತು. ಕಲ್ಲೂ ಕಿತ್ರು."

ಅವಳು ಗೋಡೆಗೆ ಒರಗಿ ಕುಸಿದು ಕೂತಳು. ಬೈರಪ್ಪ ಬೈಗುಳಕ್ಕೆ ಕಾದು ನಿಂತ.

"ಅಪ್ಪ, ಆ ಫೋನಲ್ಲಿ ಇದ್ದಿದ್ದು ಕಲಿಯೋರಿಗೆ ಅಂತ ಕೊಡೋ ಆಟದ ದುಡ್ಡು, ನಿಜವಾದ ಐವತ್ತು ಲಕ್ಷ ನಾನು ಆವತ್ತೇ ಆ ಫಂಡಿಗೆ ಹಾಕಿದ್ದೆ, ಅಲ್ಲೇ ಸುಮ್ನೆ ಬಿದ್ದಿದೆ."