ಕುಕ್ಕರಿನ ಮೂರನೇ ವಿಷಲ್

ಹೆಡ್‌ಫೋನಿನಲ್ಲಿ ತನ್ನದೇ ಕುಕ್ಕರ್ ಕೂಗಿದ್ದು ಕೇಳಿ ವೇದವಲ್ಲಿಯ ಅನುಮಾನ ಗಟ್ಟಿಯಾಯಿತು. ಸದ್ದು ಕಡಿಮೆ ಮಾಡಿ ಎಂದು ಹೋದ ವಾರ ಲಿಫ್ಟಿನ ಪಕ್ಕ ನೋಟಿಸು ಅಂಟಿತ್ತು. ದೂರು ಕೊಟ್ಟವರು ಈಗ ಸಾಕ್ಷಿ ಸಮೇತ ಬಾಗಿಲಲ್ಲಿ ನಿಂತಿದ್ದರು: ಪಕ್ಕದ ಮನೆಯ ಜಪಾನಿ ಅಜ್ಜಿ ಒಕುಡಾ ಸಾನ್, ಜೊತೆಗೆ ರೆಕಾರ್ಡರ್ ಹಿಡಿದ ಒಬ್ಬಳು ಬಿಳಿ ಹೆಂಗಸು.

"ಕಂಪ್ಲೇಂಟ್ ಅಲ್ಲಮ್ಮ," ಎಂದಳು ಮಗಳು ಅನು. "ಇವರು ಕಾದ್ರಿ, ಎಸ್ಟೋನಿಯಾದ ಆರ್ಟಿಸ್ಟ್. ನೆಕ್ಸ್ಟ್ ಮಂತ್ ಟೋಕಿಯೋದಲ್ಲಿ ಎಕ್ಸಿಬಿಷನ್ ಇದೆ. ನಮ್ಮ ಗ್ಯೋಟೋಕು ಏರಿಯಾದ ಮನೆಗಳ ಸೌಂಡ್ಸ್ ಇಡ್ತಾರಂತೆ. ಒಕುಡಾ ಸಾನ್ ಬಾಲ್ಕನೀಲಿ ನಿನ್ನ ಕುಕ್ಕರ್ ಸೌಂಡ್ ಸಿಕ್ಕಿದೆ, ಪರ್ಮಿಷನ್ ಕೇಳ್ತಿದಾರೆ."

"ಪರ್ಮಿಷನ್ ಕೇಳೋರು ಮೊದಲೇ ರೆಕಾರ್ಡ್ ಮಾಡ್ತಾರಾ?" ಎನ್ನುವಷ್ಟರಲ್ಲಿ ಕಿವಿಯೊಳಗೆ ಮೂರನೇ ವಿಷಲ್ ನಿಂತು, ಅವಳದೇ ದನಿ ಬಂತು: "ಗ್ಯಾಸ್ ಆಫ್ ಮಾಡೇ ಅನು. ಆ ಮುದುಕಿ ಗೋಡೆಗೆ ಕಿವಿ ಇಟ್ಕೊಂಡು ಕೂತಿರ್ತಾಳೆ."

ಕಾದ್ರಿ ಆ ಮಾತಿನ ಅರ್ಥ ಕೇಳಿದಳು. ಪ್ರದರ್ಶನದಲ್ಲಿ ಅದನ್ನು ಜಪಾನೀಸಿನಲ್ಲಿ ಬರೆದು ಹಾಕುತ್ತಾಳಂತೆ. ವೇದವಲ್ಲಿ ಬೇಡವೆಂದು ಮಗಳಿಗೆ ಕಣ್ಸನ್ನೆ ಮಾಡಿದಳು. ಅಷ್ಟರಲ್ಲಿ ಅನು ಒಕುಡಾ ಸಾನ್ ಕಡೆ ಬಾಗಿ, ಜಪಾನೀಸಿನಲ್ಲಿ, ಮನೆಯಲ್ಲಿ ಎಂದೂ ಮಾತಾಡದಷ್ಟು ಜೋರಾಗಿ, ಎಲ್ಲವನ್ನೂ ಹೇಳಿಬಿಟ್ಟಳು.

ಒಕುಡಾ ಸಾನ್ ಕೋಪಿಸಿಕೊಳ್ಳಲಿಲ್ಲ. ಬಿಳಿಗೂದಲನ್ನು ಹಿಂದಕ್ಕೆ ಸರಿಸಿ, ಎರಡೂ ಕಿವಿಗಳಲ್ಲಿದ್ದ ಹಿಯರಿಂಗ್ ಏಡ್‌ಗಳನ್ನು ವೇದವಲ್ಲಿಗೆ ಒಂದೊಂದಾಗಿ ತೋರಿಸಿದರು.