ಮೂರನೆಯ ಚೌಕ

"ಬೆರಳು ಸುಮ್ನೆ ನಡುಗ್ತಿದೆ, ಅಷ್ಟೇ. ಇವತ್ತಿಗೆ ಬಿಟ್ಬಿಡೋಣ," ಎನ್ನುತ್ತ ಥೆರಪಿಸ್ಟ್, ತಮ್ಮನ ಬೆರಳಿನಡಿಯ ಗುಂಡಿ ತೆಗೆಯಲು ಕೈ ಚಾಚಿದರು. ಮಂಚದ ತಲೆದೆಸೆಯಲ್ಲಿ ಅಮ್ಮ ನಿಂತಿದ್ದರು.

"ಮುಟ್ಬೇಡಿ," ಎಂದಳು ಅಕ್ಕ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಮಾತು ಕಳೆದುಕೊಂಡ ತಮ್ಮನಿಗಾಗಿ ಆ ಗುಂಡಿಯ ಒತ್ತನ್ನು ಕಂಪ್ಯೂಟರಿಗೆ ತಲುಪಿಸುವ ಡ್ರೈವರ್ ತಂತ್ರಾಂಶ ಬರೆದವಳು ಅವಳೇ. ಮಂಚದೆದುರಿನ ಪರದೆಯಲ್ಲಿ ನೀರು, ನೋವು, ಫ್ಯಾನು, ದೀಪ ಎಂಬ ನಾಲ್ಕು ಚೌಕಗಳ ಮೇಲೆ ಬೆಳಕು ಸುತ್ತುತ್ತಿತ್ತು. ಬೇಕಾದ ಚೌಕಕ್ಕೆ ಬೆಳಕು ಬಂದಾಗ ಅವನು ಗುಂಡಿ ಒತ್ತಿದರೆ ಡ್ರೈವರ್ ಸುದ್ದಿ ಮುಟ್ಟಿಸಬೇಕು, ಪರದೆಯ ಪ್ರೋಗ್ರಾಂ ಆ ಪದವನ್ನು ಗಟ್ಟಿಯಾಗಿ ಹೇಳಬೇಕು. ಬೆಳಗಿನಿಂದ ಪ್ರೋಗ್ರಾಂ ತುಟಿ ಪಿಟಕ್ಕೆಂದಿರಲಿಲ್ಲ.

ಡ್ರೈವರ್ ಮಾಡಿದ್ದೆಲ್ಲ ವೇಳೆಸಮೇತ ದಾಖಲಾಗುವ ಕರ್ನಲ್ ಲಾಗನ್ನು ಅವಳು ತೆರೆದಳು. ಸಾಲುಸಾಲಾಗಿ ಒಂದೇ ಮಾತು: ತೀರಾ ಚಿಕ್ಕ ಒತ್ತು, ಕೈಬಿಡಲಾಗಿದೆ. ಬೆರಳಿನ ನಡುಕ ಒಳಗೆ ಬರದಿರಲೆಂದು ಅವಳೇ ಹಾಕಿದ್ದ ಜರಡಿ ಅದು. ಆದರೆ ಸಾಲುಗಳ ಪಕ್ಕದ ವೇಳೆ ನೋಡಿದರೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಪ್ರತಿಸಲವೂ ಬೆಳಕು ಒಂದು ಸುತ್ತು ಮುಗಿಸುವಷ್ಟೇ ಹೊತ್ತು. ನಡುಕಕ್ಕೆ ಎಲ್ಲಿಯ ಶಿಸ್ತು!

"ಅಮ್ಮಾ, ಇವನು ಬೆಳಗಿನಿಂದ ಒತ್ತುತ್ತಾನೇ ಇದಾನೆ. ನನ್ನ ಡ್ರೈವರೇ ಬಾಗಿಲಲ್ಲಿ ನಿಂತು ವಾಪಸ್ ಕಳಿಸ್ತಿದೆ." ತಾನು ಬರೆದಿದ್ದ ಕೋಡಿನಿಂದ ಜರಡಿಯ ಸಾಲುಗಳನ್ನು ಅಳಿಸಿ ಡ್ರೈವರನ್ನು ಮತ್ತೆ ಲೋಡ್ ಮಾಡಿದಳು. "ಇನ್ನೊಂದ್ಸಲ ಒತ್ತೋ."

ಬೆಳಕು ನೀರು ದಾಟಿತು, ನೋವು ದಾಟಿತು. ಬೆರಳು ಅಲುಗಿತೋ ಇಲ್ಲವೋ.

"ಫ್ಯಾನು," ಎಂದಿತು ಪರದೆ.

ಮಗನಿಗೆ ಸೆಕೆಯಾದೀತೆಂದು ಬೆಳಿಗ್ಗೆ ತಾವೇ ಜೋರು ಮಾಡಿದ್ದ ಫ್ಯಾನನ್ನು ಆರಿಸಲು ಅಮ್ಮ ಸ್ವಿಚ್ಚಿನತ್ತ ಓಡಿದರು.