ನಗುವಿನ ಬೋಣಿ

ವೇದಿಕೆಯ ಮೇಲೆ ಅಪ್ಪನ ಪಾತ್ರದವನು ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ, ಒಂದು ಸಾಲು ಮುಂದೆ ಕೂತಿದ್ದ ಹೆಂಗಸಿನ ತುರುಬು ಬೋಣಿಯಣ್ಣನ ಕಣ್ಣಿಗೆ ಬಿತ್ತು. ಅದು ಅವನ ಹೆಂಡತಿಯ ತುರುಬು. ಪಕ್ಕದಲ್ಲಿ ಎದುರುಮನೆಯಾಕೆ. 'ಮನೆಯೊಳಗೇ ಎಷ್ಟೂಂತ ಕೊರಗ್ತೀಯ, ಬಾ, ಒಂದಿಷ್ಟು ನಕ್ಕು ಬರೋಣ' ಎಂದು ಆಕೆಯೇ ಕೈಹಿಡಿದು ಎಳೆದು ತಂದಿರಬೇಕು.

ಬೋಣಿಯಣ್ಣನ ಕೆಲಸವೇ ನಗುವುದು. ಜನ ದುಡ್ಡು ಕೊಟ್ಟು ನಗಲೆಂದೇ ಬಂದಿದ್ದರೂ ಅಕ್ಕಪಕ್ಕದವರ ಮುಖ ನೋಡುತ್ತಾರೆ. ಯಾರಾದರೊಬ್ಬರು ಶುರು ಮಾಡಿಕೊಡಬೇಕು. ಅಂಗಡಿಗೆ ಬೋಣಿ ಇದ್ದ ಹಾಗೆ ಹಾಸ್ಯ ನಾಟಕಕ್ಕೆ ಮೊದಲ ನಗು. ಅದಕ್ಕಾಗಿಯೇ ಕಂಪನಿಯವರು ಅವನಿಗೆ ಸಂಬಳ ಕೊಟ್ಟು ಪ್ರೇಕ್ಷಕರ ನಡುವೆ ಕೂರಿಸಿದ್ದರು, ಹೆಸರನ್ನೂ ಹಾಗೇ ಇಟ್ಟಿದ್ದರು. ಅವನ ನಗು ಬಿಕ್ಕಿದ ಹಾಗೆ ಶುರುವಾಗಿ, ಗಂಟಲಲ್ಲಿ ಎರಡು ಸಲ ಸಿಕ್ಕಿಕೊಂಡು, ಆಮೇಲೆ ಒಡೆಯುತ್ತಿತ್ತು. ಕೇಳಿದವರು ಎಂಥ ಬಿಗುಮಾನದವರಾದರೂ ನಗದೆ ಇರಲು ಆಗುತ್ತಿರಲಿಲ್ಲ. ಹೆಂಡತಿಗೆ ಮಾತ್ರ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಎಂದು ಹೇಳಿದ್ದ. ಮಗಳನ್ನು ಕಳೆದುಕೊಂಡ ಮನೆಯಿಂದ ದಿನವೂ ನಗಲು ಹೋಗುತ್ತೇನೆಂದು ಯಾವ ಬಾಯಲ್ಲಿ ಹೇಳುವುದು?

ಆಟ ಶುರುವಾಗುವ ಮುಂಚೆ ಮ್ಯಾನೇಜರು ಅವನ ಕಿವಿ ಕಚ್ಚಿದ್ದ. "ಅಣ್ಣಾ, ಪತ್ರಿಕೆ ವಿಮರ್ಶಕರು ಬಂದು ಕೂತಿದಾರೆ. ಮುಖ ನೋಡು, ಹರಳೆಣ್ಣೆ ಕುಡಿದ ಹಾಗಿದೆ. ಚಿಲಕದ ಸೀನಿಗೂ ಅವರು ನಗಲಿಲ್ಲ ಅಂದ್ರೆ ನಾಳೆ ನಾವೆಲ್ಲ ಗಂಟುಮೂಟೆ ಕಟ್ಟೋದೇ. ನಿನ್ನ ಕೈಲಿದೆ."

ಈಗ ಆ ಸೀನು ಬಂದಿತ್ತು. ಪ್ರೀತಿಸಿದವನನ್ನು ಮದುವೆಯಾಗಿ ಬಂದ ಮಗಳು ಹೊರಗೆ ನಿಂತು ಬಾಗಿಲು ಬಡಿದಳು. "ಅಪ್ಪಾ, ಬಾಗಿಲು ತೆಗಿಯಪ್ಪಾ." ಒಳಗಿನಿಂದ ಅಪ್ಪ ಚಿಲಕ ಜಡಿದು, ಭಿಕ್ಷೆಯವಳಿಗೆ ಹೇಳುವ ರಾಗದಲ್ಲಿ ಕೂಗಿದ: "ಮುಂದಿನ ಮನೆಗೆ ಹೋಗಮ್ಮಾ!" ಇಲ್ಲಿ ಜನ ನಗಬೇಕು. ಆ ನಗು ಇಳಿದ ಮೇಲೆ ಅಳಿಯ, "ಅಲ್ಲಿಂದಲೇ ಬಂದ್ವಿ ಮಾವಾ, ಅದು ನಮ್ಮನೆ!" ಎನ್ನಬೇಕು.

ಅಪ್ಪನ ಆ ಮಾತು ನಾಟಕ ಬರೆದವನದಲ್ಲ. ತಾಲೀಮಿನಲ್ಲಿ ಸೀನು ಎಷ್ಟು ಮಾಡಿದರೂ ಮೇಲೇಳದೆ ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದಾಗ, ಹಿಂದೆ ಕೂತಿದ್ದ ಬೋಣಿಯಣ್ಣನೇ ಹೇಳಿಕೊಟ್ಟಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವನ ಮಗಳು ತನ್ನಿಷ್ಟದವನನ್ನು ಕಟ್ಟಿಕೊಂಡು, ಒಬ್ಬಳೇ ಬಂದು ಬಾಗಿಲು ಬಡಿದ ದಿನ ಅವನು ಒಳಗಿನಿಂದ ಆಡಿದ್ದು ಅದೇ ಮಾತು, ಅದೇ ರಾಗ. ಮಗಳು ಮತ್ತೆ ಬರಲಿಲ್ಲ. ಯಾವುದೋ ಬಾಡಿಗೆ ಕೋಣೆಯಲ್ಲಿ ಜ್ವರಕ್ಕೆ ಹೋದಳೆಂಬ ಸುದ್ದಿ ಮಣ್ಣಾದ ಮೇಲೆ ಬಂತು. ಆ ಮಾತು ಕೇಳಿದ್ದವರು ಮೂವರೇ: ಅವನು, ಹೆಂಡತಿ, ಹೋದವಳು.

ಮುಂದಿನ ಸಾಲಿನ ತುರುಬು ನೆಟ್ಟಗಾಯಿತು.

ಸಭಾಂಗಣ ಕಾಯುತ್ತಿತ್ತು. ಯಾರೋ ಕೆಮ್ಮಿದರು. ಅಪ್ಪನ ಪಾತ್ರದವನು ಚಿಲಕ ಹಿಡಿದೇ ನಿಂತ; ನಗು ಬಾರದೆ ಅಳಿಯ ಬಾಯಿ ತೆರೆಯುವಂತಿಲ್ಲ. ಪರದೆಯ ಸಂದಿಯಲ್ಲಿ ಮ್ಯಾನೇಜರ ಮುಖ ಬಿಳುಚಿಕೊಂಡಿತ್ತು. ವಿಮರ್ಶಕರು ಕೈಗಡಿಯಾರ ನೋಡಿಕೊಂಡರು. ಬೇಡ, ಇವತ್ತೊಂದು ದಿನ ಬೇಡ ಎಂದುಕೊಂಡ ಬೋಣಿಯಣ್ಣ. ಆದರೆ ರೂಢಿ ಅನ್ನುವುದು ಮನಸ್ಸಿನ ಮಾತು ಕೇಳುತ್ತದೆಯೇ? ಗಂಟಲಲ್ಲಿ ಎರಡು ಸಲ ಸಿಕ್ಕಿಕೊಂಡು, ನಗು ಒಡೆದೇಬಿಟ್ಟಿತು.

ಅದರ ಹಿಂದೆಯೇ ಇಡೀ ಸಭಾಂಗಣ ಹೋ ಎಂದಿತು. ವಿಮರ್ಶಕರು ಹೊಟ್ಟೆ ಹಿಡಿದುಕೊಂಡರು. ಹೆಂಡತಿ ಹಿಂತಿರುಗಿ ನೋಡಲಿಲ್ಲ. ಕಟ್ಟಿಕೊಂಡವನ ನಗುವನ್ನು ಗುರುತಿಸಲು ಮುಖ ನೋಡಬೇಕಾಗಿರಲಿಲ್ಲ. ಎದ್ದು, ಸಾಲಿನವರ ಮೊಣಕಾಲು ದಾಟಿಕೊಂಡು ಹೊರಟಳು.

"ಕೂತ್ಕೊಳ್ರೀ, ಕಾಣಲ್ಲ!" ಎಂದು ಯಾರೋ ನಗುತ್ತಲೇ ಗದರಿದರು.

ಮಧ್ಯಾಹ್ನದ ಆಟ ಮುಗಿದ ಮೇಲೆ ಬಾಗಿಲ ಬಳಿ ಜನವೋ ಜನ. ಎಲ್ಲರ ಬಾಯಲ್ಲೂ ಚಿಲಕದ ಸೀನೇ. ಬೋಣಿಯಣ್ಣ ತಲೆ ತಗ್ಗಿಸಿ ನುಸುಳುತ್ತಿದ್ದರೆ ವಿಮರ್ಶಕರೇ ಬಂದು ಕೈ ಹಿಡಿದುಕೊಂಡರು.

"ಇಂಥ ನಾಟಕ ನೋಡಿ ನೋಡಿ ನಂಗೆ ನಗೋದೇ ಮರೆತುಹೋಗಿತ್ತು. ನೀವು ನಕ್ಕಿದ್ದು ಕೇಳಿ ತಡ್ಕೊಳ್ಳೋಕೆ ಆಗ್ಲಿಲ್ಲ ನೋಡಿ. ಆ 'ಮುಂದಿನ ಮನೆ' ಮಾತಿದೆಯಲ್ಲ, ಅದು ಕೂತು ಬರೆದದ್ದಲ್ಲ. ಯಾರದೋ ಮನೇಲಿ ಆಡಿದ್ದೇ ಇರ್ಬೇಕು. ಹಾಗಂತಲೇ ಬರೀತೀನಿ."

"ಇರ್ಬೇಕು ಸಾರ್," ಎಂದ ಬೋಣಿಯಣ್ಣ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಎದುರುಮನೆಯಾಕೆ ಆಗಲೇ ಮೆಟ್ಟಿಲ ಮೇಲೆ ಕೂತು, ಒಣಗಿದ ಬಟ್ಟೆ ಮಡಿಸುತ್ತಿದ್ದ ಸೊಸೆಗೆ ನಾಟಕದ ಕಥೆ ಹೇಳುತ್ತಿದ್ದಳು. ಬೋಣಿಯಣ್ಣ ಬಾಗಿಲು ತಳ್ಳಿದ. ಒಳಗಿನಿಂದ ಚಿಲಕ ಹಾಕಿತ್ತು.

"ನಾನು ಕಣೇ. ಬಾಗಿಲು ತೆಗಿ."

ಹೆಜ್ಜೆ ಸಪ್ಪಳ ಬಾಗಿಲವರೆಗೂ ಬಂದು ನಿಂತಿತು.

"ಮುಂದಿನ ಮನೆಗೆ ಹೋಗಪ್ಪಾ." ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಗೆ ನಿಂತವನು ಯಾರೋ ಏನೋ ಎಂಬಂತಿತ್ತು, ಅಷ್ಟೇ.

ಅವನು ಹೊಸ್ತಿಲ ಹೊರಗೇ ಕುಸಿದು, ಬಾಗಿಲಿಗೆ ಹಣೆಯಾನಿಸಿದ. ಗಂಟಲಲ್ಲಿ ಎರಡು ಸಲ ಏನೋ ಸಿಕ್ಕಿಕೊಂಡಿತು, ಆಮೇಲೆ ಒಡೆಯಿತು. ಭುಜಗಳು ಕುಲುಕಾಡತೊಡಗಿದವು.

"ಅಗೋ ನೋಡೇ, ಆ ಅಣ್ಣ ನೆನೆಸ್ಕೊಂಡು ಈಗ್ಲೂ ನಗ್ತಿದಾರೆ," ಎಂದಳು ಎದುರುಮನೆಯಾಕೆ. ಆಮೇಲೆ ಅತ್ತೆಗೂ ತಡೆಯಲಾಗಲಿಲ್ಲ, ಸೊಸೆಗೂ ತಡೆಯಲಾಗಲಿಲ್ಲ.